ಕೋವಿಯ ಟ್ರಿಗರ್ ಬಿಗಿಯಾ? ಅರ ಮುಟ್ಟಬೇಡಿ!

ಯಸಳೂರು ಕಡೆಯ ಬೆಳೆಗಾರರೇ,
ನಿಮ್ಮ ಒಂಟಿನಳಿಗೆ ಕೋವಿಯ ಟ್ರಿಗರ್ ಬಿಗಿ ಅನಿಸುತ್ತಾ?
ಮನೆಯಲ್ಲೇ ಅರ ಹಾಕಿ ಉಜ್ಜಬೇಡಿ!

ಯಾಕೆ ಗೊತ್ತಾ?
ಕೋವಿಯ ಕುದುರೆ (ಹ್ಯಾಮರ್) ಹಿಂದಕ್ಕೆಳೆದಾಗ,
ಸಣ್ಣದೊಂದು ಉಕ್ಕಿನ ಅಂಚು ಅದನ್ನು ಹಿಡಿದಿಟ್ಟಿರುತ್ತೆ.
ಟ್ರಿಗರ್ ಒತ್ತಿದರೆ ಅಂಚು ಜಾರುತ್ತೆ.
ಕುದುರೆ ಬಡಿಯುತ್ತೆ.
ಈಡು ಹಾರುತ್ತೆ.

ಆ ಅಂಚು ಸವೆದರೆ?
ತುದಿಯಲ್ಲಷ್ಟೇ ಸಿಕ್ಕಿಕೊಂಡ ಬಾಗಿಲ ಚಿಲಕದ ಹಾಗೆ!
ಕೋವಿ ಕೈಜಾರಿ ಬಿದ್ದರೂ ಈಡು ಹಾರಬಹುದು.

ಟ್ರಿಗರ್ ತೀರಾ ಹಗುರಾಗದಂತೆ ಶೂಟಿಂಗ್ ಸ್ಪರ್ಧೆಯ ಏರ್ ಪಿಸ್ತೂಲಿಗೂ ಮಿತಿ ಇದೆ.
ಅದರ ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ತಡೆಯಲೇಬೇಕು.

ಎಷ್ಟೋ ಸಲ ಬಿಗಿಗೆ ಕಾರಣ,
ಮಳೆಗಾಲದ ತುಕ್ಕು, ಅಂಟಾದ ಹಳೇ ಎಣ್ಣೆ.
ಕೋವಿ ಖಾಲಿ ಮಾಡಿ,
ಲೈಸೆನ್ಸ್ ಇರುವ ರಿಪೇರಿಯವರಿಗೇ ಕೊಡಿ.
ರಿಪೇರಿಗೆ ಲೈಸೆನ್ಸ್ ಬೇಕೆಂದು 1959ರ ಆಯುಧ ಕಾಯ್ದೆಯೂ ಹೇಳುತ್ತೆ.

ಗುರಿ ಖಚಿತವಾಗುವವರೆಗೂ,
ಬೆರಳು ಟ್ರಿಗರ್‌ನಿಂದ ದೂರವಿರಲಿ.