ಎರಡು ಕಡಲುಗಳ ಕೂಸು

ಅಮೆರಿಕದ ಬಾಸ್ಟನ್ ಬಂದರಿನಿಂದ ಹೊರಟ ಹಡಗು ಒಂದು ಗಂಟೆಗೂ ಮಿಕ್ಕಿ ಸಾಗಿದ ಮೇಲೆ, ಮೇಲ್ನೋಟಕ್ಕೆ ಉಳಿದ ಸಮುದ್ರಕ್ಕಿಂತ ಯಾವ ವಿಧದಲ್ಲಿಯೂ ಭಿನ್ನವಾಗಿ ತೋರದ ಒಂದು ಜಲಪ್ರದೇಶವನ್ನು ಪ್ರವೇಶಿಸುತ್ತದೆ. ಸ್ಟೆಲ್‌ವಾಗನ್ ಬ್ಯಾಂಕ್ ಎಂದು ಅದರ ಹೆಸರು. ಹಿಮಯುಗದ ನೀರ್ಗಲ್ಲುಗಳು ಹಿಂದೆ ಸರಿಯುವಾಗ ಬಿಟ್ಟುಹೋದ ಮರಳು, ಜಲ್ಲಿಗಳಿಂದಾದ ಈ ಮುಳುಗಿದ ಪ್ರಸ್ಥಭೂಮಿಯು ಕೇಪ್ ಆನ್ ಮತ್ತು ಕೇಪ್ ಕಾಡ್ ಎಂಬ ಎರಡು ಭೂಶಿರಗಳ ನಡುವೆ ಚಾಚಿಕೊಂಡಿದೆ. 1854ರಲ್ಲಿ ಇದನ್ನು ಅಳೆದು ನಕ್ಷೆಗೆ ತಂದ ನೌಕಾಧಿಕಾರಿ ಹೆನ್ರಿ ಸ್ಟೆಲ್‌ವಾಗನ್ನರ ಹೆಸರೇ ಇದಕ್ಕೆ ನಿಂತಿತು. ಆಳದ ತಣ್ಣೀರು ಈ ದಿಬ್ಬದ ಪಾರ್ಶ್ವಕ್ಕೆ ತಾಗಿ ಮೇಲೇರುವಾಗ ತಳದ ಪೋಷಕ ದ್ರವ್ಯಗಳನ್ನು ಬೆಳಕಿನ ಪದರಕ್ಕೆ ಹೊತ್ತು ತರುತ್ತದೆ. ಅವುಗಳಿಂದ ಸೂಕ್ಷ್ಮಸಸ್ಯಗಳೂ, ಆ ಸಸ್ಯಗಳಿಂದ ಸೂಕ್ಷ್ಮಪ್ರಾಣಿಗಳೂ, ಆ ಪ್ರಾಣಿಗಳಿಂದ ಸ್ಯಾಂಡ್ ಲ್ಯಾನ್ಸ್ ಎಂಬ ಸಣ್ಣ ಮೀನುಗಳೂ ಅಸಂಖ್ಯವಾಗಿ ಹೆಚ್ಚುತ್ತವೆ. ಆ ಮೀನನ್ನರಸಿ ವಸಂತದಿಂದ ಶರತ್ಕಾಲದವರೆಗೆ ಇಲ್ಲಿಗೆ ಬರುವವು ಹಂಪ್‌ಬ್ಯಾಕ್ ಜಾತಿಯ ಗೂನುಬೆನ್ನಿನ ತಿಮಿಂಗಿಲಗಳು. 1992ರಿಂದ ಈ ಪ್ರದೇಶವು ರಾಷ್ಟ್ರೀಯ ಸಾಗರ ಅಭಯಧಾಮವಾಗಿದೆ.

ಉದ್ಯೋಗನಿಮಿತ್ತವಾಗಿ ಈ ದೂರದ ಊರಿನಲ್ಲಿ ನೆಲಸಿರುವ ನಮಗೆ, ಬಾಣಂತನಕ್ಕೆಂದು ಬಂದಿದ್ದ ಅತ್ತೆಯವರು ಊರಿಗೆ ಮರಳಿದ ಮೇಲೆ, ಕೂಸನ್ನೆತ್ತಿಕೊಂಡು ಇಡಿಯ ಒಂದು ದಿನವನ್ನು ಮನೆಯ ಹೊರಗೆ ಕಳೆಯುವುದೇ ಒಂದು ಹಬ್ಬದಂತಹ ಸಂಗತಿಯಾಗಿತ್ತು. ಹಾಗೆಂದು ಒಂದು ದಿನ ಆ ಹಡಗನ್ನೇರಿದೆವು. ಜುಲೈ ತಿಂಗಳಾದರೂ ಕಡಲಗಾಳಿ ಕೊರೆಯುತ್ತಿತ್ತು. ಉಣ್ಣೆಯ ಕುಲಾವಿಯೊಳಗಿಂದ ಕಣ್ಣರಳಿಸಿ ನೋಡುತ್ತಿದ್ದ ಮಗಳನ್ನು ಎದೆಗವಚಿಕೊಂಡು ನನ್ನ ಹೆಂಡತಿ ಕಟಕಟೆಯ ಬಳಿ ನಿಂತಿದ್ದಾಗ, ಬಲಗಡೆಯ ನೀರಿನಿಂದ ಒಂದು ದೀರ್ಘವಾದ ನಿಟ್ಟುಸಿರು ಕೇಳಿಬಂದಿತು. ಅದರ ಹಿಂದೆಯೇ, ಅಷ್ಟೇ ಸ್ಪಷ್ಟವಾಗಿ, ಇನ್ನೊಂದು ಪುಟ್ಟ ಉಸಿರು. ತಾಯಿ ಮತ್ತು ಮರಿ ಎಂದು ಹಡಗಿನ ಪ್ರಕೃತಿತಜ್ಞೆ ಧ್ವನಿವರ್ಧಕದಲ್ಲಿ ಸಾರುವ ಮೊದಲೇ ನಮ್ಮಿಬ್ಬರಿಗೂ ಅದು ತಿಳಿದುಹೋಗಿತ್ತು.

ತಿಮಿಂಗಿಲದ ತಲೆಯ ಮೇಲೆ ಚಿಮ್ಮುವುದು ನೀರಿನ ಕಾರಂಜಿಯೆಂದು ಚಿತ್ರಗಳನ್ನು ನೋಡಿದವರು ಭಾವಿಸುವುದುಂಟು. ಅದು ಉಸಿರು. ನೆತ್ತಿಯ ಮೇಲಿರುವ ಎರಡು ನಾಸಿಕರಂಧ್ರಗಳಿಂದ ಅತಿವೇಗದಲ್ಲಿ ಹೊರನುಗ್ಗುವ ಬೆಚ್ಚನೆಯ, ತೇವಭರಿತ ಗಾಳಿಯು ತಣ್ಣಗಿನ ಹವೆಯಲ್ಲಿ ತುಂತುರಾಗಿ ಕಾಣಿಸಿಕೊಳ್ಳುತ್ತದೆ. ನಾವು ಸಾಧಾರಣ ಉಸಿರಾಟದಲ್ಲಿ ಶ್ವಾಸಕೋಶದ ಗಾಳಿಯ ಅಲ್ಪಾಂಶವನ್ನು ಮಾತ್ರ ಬದಲಿಸಿಕೊಳ್ಳುತ್ತೇವೆ; ಈ ಪ್ರಾಣಿಯು ಒಂದೇ ಉಸಿರಿನಲ್ಲಿ ಅದರ ಬಹುಭಾಗವನ್ನು ಹೊಸದಾಗಿಸಿಕೊಳ್ಳುತ್ತದೆ. ಮರಿಯು ತಾಯಿಯಷ್ಟು ಹೊತ್ತು ಉಸಿರು ಹಿಡಿಯಲಾರದು. ಆದ್ದರಿಂದ ತಾಯಿ ಆಳದಲ್ಲಿ ಬೇಟೆಯಾಡುತ್ತಿರುವಾಗ ಅದು ಮತ್ತೆ ಮತ್ತೆ ಮೇಲ್ಮೈಗೆ ಬಂದು ಕಾಯುತ್ತಿರುತ್ತದೆ. ನಾವು ನೋಡುತ್ತಿದ್ದ ಮರಿಯೂ ಹಾಗೆಯೇ ಮಾಡುತ್ತಿತ್ತು.

ಈ ಮರಿ ಹುಟ್ಟಿದ ನೀರು ಇದಲ್ಲ. ಇಲ್ಲಿಂದ ಎರಡು ಸಾವಿರ ಕಿಲೋಮೀಟರಿಗೂ ದೂರದಲ್ಲಿ, ಡೊಮಿನಿಕನ್ ಗಣರಾಜ್ಯದ ಉತ್ತರಕ್ಕಿರುವ ಸಿಲ್ವರ್ ಬ್ಯಾಂಕ್ ಮೊದಲಾದ ಕೆರಿಬಿಯನ್ ಪ್ರದೇಶದ ಬೆಚ್ಚನೆಯ ನೀರಿನಲ್ಲಿ, ಚಳಿಗಾಲದಲ್ಲಿ ಇವುಗಳ ಪ್ರಸವ. ಹನ್ನೊಂದು ಹನ್ನೆರಡು ತಿಂಗಳ ಗರ್ಭವಾಸದ ನಂತರ ಹುಟ್ಟುವ ಶಿಶುವಿನ ಉದ್ದ 4 ಮೀಟರಿಗೂ ಮಿಕ್ಕದ್ದು. ತಾಯಿಯ ಉದ್ದ 13ರಿಂದ 15 ಮೀಟರ್. ಆ ಉಷ್ಣಜಲದಲ್ಲಿ ತಾಯಿಗೆ ಆಹಾರವೆಂಬುದು ಇಲ್ಲವೆಂದೇ ಹೇಳಬೇಕು. ಹಿಂದಿನ ಬೇಸಗೆಯಲ್ಲಿ ಈ ಉತ್ತರದ ದಿಬ್ಬದ ಮೇಲೆ ಉಂಡು ಚರ್ಮದಡಿಯಲ್ಲಿ ಕೂಡಿಟ್ಟ ಕೊಬ್ಬನ್ನು ಕರಗಿಸಿಯೇ ಅವಳು ಶಿಶುವಿಗೆ ಹಾಲೂಡಬೇಕು, ಅದೇ ಕೊಬ್ಬಿನ ಬಲದಿಂದಲೇ ಮರಿಯೊಡನೆ ಉತ್ತರಕ್ಕೆ ಈಜಬೇಕು. ಆ ಹಾಲೋ, ನೀರಿನಲ್ಲಿ ಬೇಗನೆ ಕರಗಿಹೋಗದಷ್ಟು ಗಟ್ಟಿ. ಹಸುವಿನ ಹಾಲಿನಲ್ಲಿ ನೂರಕ್ಕೆ 4 ಭಾಗದಷ್ಟಿರುವ ಕೊಬ್ಬು ಇದರಲ್ಲಿ 40 ಭಾಗವನ್ನು ಮುಟ್ಟಬಲ್ಲುದು. ತಿಂಗಳುಗಟ್ಟಲೆ ಉಪವಾಸವಿದ್ದು ಮಗುವನ್ನು ದಿನದಿನಕ್ಕೂ ಕೊಬ್ಬಿಸುವ ಈ ಮಾತೃತ್ವವನ್ನು ಕೇವಲ ಸಹಜಪ್ರವೃತ್ತಿಯೆಂದು ಹೇಳಿ ಮುಗಿಸಿಬಿಡುವುದಕ್ಕೆ ನನ್ನ ಮನಸ್ಸು ಒಪ್ಪದು.

ಹಾಲಿನ ಜೊತೆಗೆ ಮರಿಗೆ ಸಲ್ಲುವ ಇನ್ನೊಂದು ಆಸ್ತಿಯು ದಾರಿಯ ತಿಳಿವಳಿಕೆ. ಮೊದಲ ವರ್ಷದಲ್ಲಿ ತಾಯಿಯ ಪಕ್ಕದಲ್ಲಿ ಈಜಿ ಬಂದ ಉಣ್ಣುವ ಕಡಲಿಗೇ ಅದು ಮುಂದೆ ಒಂಟಿಯಾಗಿಯೂ ಮರಳುತ್ತದೆ. ಬಾಲದ ಅಡಿಯ ಕಪ್ಪುಬಿಳುಪಿನ ಚಿತ್ತಾರವು ಒಂದೊಂದು ಪ್ರಾಣಿಯಲ್ಲಿಯೂ ಬೇರೆ ಬೇರೆಯಾಗಿರುವುದರಿಂದ, ಛಾಯಾಚಿತ್ರಗಳನ್ನು ಹೋಲಿಸಿ ಈ ಮಾತನ್ನು ನಿಶ್ಚಯಿಸಿದ್ದಾರೆ. ಕೇಪ್ ಕಾಡಿನ ಪ್ರಾವಿನ್ಸ್‌ಟೌನಿನಿಂದ 1975ರಲ್ಲಿ ತಿಮಿಂಗಿಲದರ್ಶನದ ಹಡಗುಗಳು ಹೊರಡತೊಡಗಿದ ಕಾಲದಿಂದ ಪರಿಚಿತಳಾದ, ಸಾಲ್ಟ್ ಎಂಬ ಹೆಸರಿನ ತಾಯಿಯೊಬ್ಬಳಿದ್ದಾಳೆ. ಅವಳ ಮಕ್ಕಳೂ ಮೊಮ್ಮಕ್ಕಳೂ ಇದೇ ನೀರಿನಲ್ಲಿ ಗುರುತಿಸಲ್ಪಟ್ಟಿದ್ದಾರೆ.

ಬೇಟೆಯ ಜಾಣ್ಮೆಯ ಕಥೆ ಇನ್ನೂ ಸ್ವಾರಸ್ಯವಾದುದು. ಮೀನಿನ ಗುಂಪಿನ ಕೆಳಗಿನಿಂದ ಸುತ್ತುಸುತ್ತಾಗಿ ಗಾಳಿಗುಳ್ಳೆಗಳನ್ನು ಬಿಡುತ್ತ ಮೇಲೇರುವ ತಿಮಿಂಗಿಲವು, ನಮ್ಮ ಕರಾವಳಿಯ ರಂಪಣಿ ಬಲೆಯು ಮೀನುಗಳನ್ನು ಬಳಸಿ ಬರುವಂತೆ, ಗುಳ್ಳೆಗಳ ಗೋಡೆಯಿಂದ ಬೇಟೆಯನ್ನು ಒತ್ತಟ್ಟಿಗೆ ಕೂಡಿಸಿ, ಬಾಯ್ದೆರೆದು ನುಗ್ಗಿ, ಮೇಲ್ದವಡೆಯಿಂದ ಇಳಿಬಿದ್ದ ನೂರಾರು ಬಲೀನ್ ಪಟ್ಟಿಗಳ ಮೂಲಕ ನೀರನ್ನು ಸೋಸಿ ಹೊರದೂಡುತ್ತದೆ. ಈ ಪ್ರದೇಶದಲ್ಲಿ 1980ರಲ್ಲಿ ಒಂದು ತಿಮಿಂಗಿಲವು ಗುಳ್ಳೆ ಬಿಡುವ ಮೊದಲು ಬಾಲದಿಂದ ನೀರನ್ನು ಅಪ್ಪಳಿಸುವುದು ಕಂಡುಬಂತು. ಹೆರಿಂಗ್ ಮೀನು ಕ್ಷೀಣಿಸಿ ಸ್ಯಾಂಡ್ ಲ್ಯಾನ್ಸ್ ಹೆಚ್ಚಿದ್ದ ಕಾಲವದು. ಆ ಉಪಾಯವು ಮುಂದಿನ ದಶಕಗಳಲ್ಲಿ ನೂರಾರು ಪ್ರಾಣಿಗಳಿಗೆ ಹಬ್ಬಿತು. 2013ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ ಅದು ರಕ್ತದಿಂದ ಬಂದ ಗುಣವಲ್ಲ, ಒಡನಾಟದಿಂದ ಕಲಿತ ವಿದ್ಯೆ. ದಾರಿಯನ್ನು ಕಲಿಸುವವಳು ತಾಯಿ, ಈ ವಿದ್ಯೆಯನ್ನು ಕಲಿಸುವವರು ಜೊತೆಗಾರರು!

ಮುಳುಗುವಾಗ ತಾಯಿಯ ಬಾಲವು ಮೇಲೆದ್ದು ನಿಂತಿತು. ಮೀನಿನ ಬಾಲ ಎಡಬಲಕ್ಕೆ ಬಳುಕಿದರೆ ತಿಮಿಂಗಿಲದ ಬಾಲ ಮೇಲಕ್ಕೂ ಕೆಳಕ್ಕೂ ಆಡುತ್ತದೆ. ನೆಲದ ಮೇಲೆ ನಾಲ್ಕು ಕಾಲಿನಲ್ಲಿ ಓಡುತ್ತಿದ್ದ ಪೂರ್ವಜರ ಬೆನ್ನೆಲುಬು ಬಾಗುತ್ತಿದ್ದ ರೀತಿಯೇ ಅದರಲ್ಲಿ ಉಳಿದಿದೆ. ಆ ಪೂರ್ವಜರ ಸುಳಿವು ದೊರೆತದ್ದು ನಮ್ಮ ದೇಶದಲ್ಲಿಯೇ. ಭೂವಿಜ್ಞಾನಿ ಎ. ರಂಗರಾವ್ ಜಮ್ಮು-ಕಾಶ್ಮೀರದ ಕಾಲಾಕೋಟ್ ಪ್ರದೇಶದಲ್ಲಿ ಸಂಗ್ರಹಿಸಿದ್ದ ಬಂಡೆಗಳು ಅವರ ನಿಧನದ ನಂತರ ಪ್ರಾಗ್ಜೀವವಿಜ್ಞಾನಿ ಹಾನ್ಸ್ ಥ್ಯೂವಿಸೆನ್ನರ ಕೈಸೇರಿದವು. ಅವುಗಳೊಳಗಿದ್ದ ಇಂಡೋಹೈಯಸ್ ಎಂಬ, ಸುಮಾರು 4 ಕೋಟಿ 80 ಲಕ್ಷ ವರ್ಷಗಳ ಹಿಂದಿನ, ಬೆಕ್ಕಿನ ಗಾತ್ರದ ಗೊರಸುಳ್ಳ ಪ್ರಾಣಿಯ ಕಿವಿಯ ಎಲುಬು ತಿಮಿಂಗಿಲದ ಎಲುಬನ್ನು ಹೋಲುತ್ತಿದ್ದುದು 2007ರಲ್ಲಿ ಲೋಕಕ್ಕೆ ತಿಳಿಯಿತು. ಪರದೇಶದ ಕಡಲಿನ ಮೇಲೆ ನಿಂತು ಇದನ್ನು ನೆನೆದಾಗ ನನಗುಂಟಾದ ಹರ್ಷವನ್ನು ಮುಚ್ಚಿಡಲಾರೆ.

ಅಭಯಧಾಮವೆಂದಮಾತ್ರಕ್ಕೆ ಅಪಾಯವಿಲ್ಲವೆಂದಲ್ಲ. ಮೀನುಗಾರಿಕೆಯ ಹಗ್ಗಗಳಲ್ಲಿ ಸಿಕ್ಕಿಬೀಳುವುದು ಒಂದು, ಹಡಗುಗಳ ಡಿಕ್ಕಿ ಇನ್ನೊಂದು. 2007ರಲ್ಲಿ ಬಾಸ್ಟನ್ನಿಗೆ ಬರುವ ಹಡಗುಗಳ ಮಾರ್ಗವನ್ನೇ ತಿಮಿಂಗಿಲಗಳು ಕಡಮೆಯಿರುವ ಕಡೆಗೆ ಸರಿಸಿದರು. ಇಂತಹ ವಿವೇಕವು ಎಲ್ಲ ಕಡಲುಗಳಲ್ಲಿಯೂ ಬೇಕಾಗಿದೆ.

ಏಕೆಂದರೆ ನಮ್ಮ ಅರಬ್ಬೀ ಸಮುದ್ರದಲ್ಲಿಯೂ ಇದೇ ಜಾತಿಯ ತಿಮಿಂಗಿಲಗಳಿವೆ. ಅವು ಧ್ರುವದ ಕಡೆಗೆ ವಲಸೆ ಹೋಗುವುದಿಲ್ಲ. ಮುಂಗಾರಿನ ಮಾರುತಗಳು ಒಮಾನಿನ ತೀರದಲ್ಲಿ ಆಳದ ತಣ್ಣೀರನ್ನು ಮೇಲೆತ್ತಿ ಆಹಾರವನ್ನು ಬೆಳೆಸುವುದರಿಂದ, ಉಣ್ಣುವುದೂ ಹೆರುವುದೂ ಅವಕ್ಕೆ ಒಂದೇ ಕಡಲಿನಲ್ಲಿ. 1966ರಲ್ಲಿ ಸೋವಿಯತ್ ನೌಕೆಗಳು ಅವುಗಳಲ್ಲಿ ಇನ್ನೂರಕ್ಕೂ ಹೆಚ್ಚನ್ನು ಕೊಂದವು. ಈಗ ಒಮಾನಿನ ಬಳಿ ಉಳಿದಿರುವವು ನೂರಕ್ಕೂ ಕಡಮೆಯೆಂದು ಅಂದಾಜು. 2017ರಲ್ಲಿ ಉಪಗ್ರಹಸಂಪರ್ಕದ ಸಾಧನವನ್ನು ಅಳವಡಿಸಿದ್ದ ಲುಬಾನ್ ಎಂಬ ಹೆಣ್ಣು ತಿಮಿಂಗಿಲವು ಒಮಾನಿನಿಂದ ಸಮುದ್ರವನ್ನು ದಾಟಿ ಭಾರತದ ಪಶ್ಚಿಮ ತೀರಕ್ಕೆ ಬಂದು, ದಕ್ಷಿಣದ ತುದಿಯವರೆಗೂ ಸಾಗಿ, ಮತ್ತೆ ಒಮಾನಿಗೆ ಮರಳಿತು. ಗೋವೆಯ ತೀರದಲ್ಲಿ, ಎಂದರೆ ಕಾರವಾರಕ್ಕೆ ಬಹು ಸಮೀಪದಲ್ಲಿಯೇ, ಈ ತಿಮಿಂಗಿಲಗಳ ಗಂಡುಗಳು ಹಾಡುವ ದೀರ್ಘವಾದ ಹಾಡನ್ನು ವಿಜ್ಞಾನಿಗಳು ನೀರೊಳಗಿನ ಯಂತ್ರಗಳಿಂದ ಮುದ್ರಿಸಿಕೊಂಡಿದ್ದಾರೆ.