ದಿಣ್ಣೆಯ ಮೇಲಿನ ಊರಿಗೆ ನೀರು

ನದಿಯ ದಡದಲ್ಲಿ ಊರು ಕಟ್ಟುವುದು ಲೋಕರೂಢಿ. ಬೆಂಗಳೂರು ಈ ರೂಢಿಗೆ ಹೊರತು. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ದಿಣ್ಣೆಯ ಮೇಲೆ ನಿಂತಿರುವ ಈ ನಗರದಲ್ಲಿ ಪಶ್ಚಿಮಕ್ಕೆ ಹರಿದ ಮಳೆನೀರು ವೃಷಭಾವತಿ, ಅರ್ಕಾವತಿಗಳ ಮೂಲಕ ಕಾವೇರಿಯನ್ನು ಸೇರಿದರೆ, ಪೂರ್ವಕ್ಕೆ ಹರಿದದ್ದು ದಕ್ಷಿಣ ಪಿನಾಕಿನಿಯ ಪಾಲಾಗುತ್ತದೆ. ಊರಿನಲ್ಲಿ ನೀರು ನಿಲ್ಲಬೇಕಾದರೆ ಮನುಷ್ಯನೇ ಅದನ್ನು ತಡೆದು ನಿಲ್ಲಿಸಬೇಕು. ಹಿಂದಿನವರು ಇದನ್ನು ಬಲ್ಲವರಾಗಿದ್ದರು. ಹಳ್ಳಕ್ಕೆ ಅಡ್ಡಲಾಗಿ ಏರಿ ಕಟ್ಟಿ, ಒಂದು ಕೆರೆಯ ಕೋಡಿ ಮತ್ತೊಂದು ಕೆರೆಗೆ ಹರಿಯುವಂತೆ ಮಾಡಿ, ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿಗಳಂತಹ ಕೆರೆಗಳನ್ನು ಉಳಿಸಿಕೊಂಡಿದ್ದರು. ಇಂದು ಧರ್ಮಾಂಬುಧಿಯ ಅಂಗಳದಲ್ಲಿ ಬಸ್ಸುಗಳು ನಿಲ್ಲುತ್ತವೆ. ಸಂಪಂಗಿಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ, ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, ಹೆಸರಘಟ್ಟದಲ್ಲಿ ಅರ್ಕಾವತಿಯ ನೀರನ್ನು ಹಿಡಿದು ನಗರಕ್ಕೆ ತಂದರು. ಬೆಂಗಳೂರಿನ ಮನೆಗಳು ಕೊಳಾಯಿಯ ನೀರು ಕಂಡದ್ದು ಆಗ. ಅದು ಸಾಲದೆ ಹೋದಾಗ, ಅರ್ಕಾವತಿಯೂ ಕುಮುದ್ವತಿಯೂ ಕೂಡುವ ತಿಪ್ಪಗೊಂಡನಹಳ್ಳಿಯಲ್ಲಿ 1933ರಲ್ಲಿ ಚಾಮರಾಜಸಾಗರವೆಂಬ ಜಲಾಶಯ ಸಿದ್ಧವಾಯಿತು.

ಈ ಚಾಮರಾಜಸಾಗರದ ಕಥೆಯನ್ನು ತುಸು ನಿಧಾನವಾಗಿಯೇ ಹೇಳಬೇಕು. ಅದಕ್ಕೆ ನೀರೊದಗಿಸುವ ಜಲಾನಯನ ಪ್ರದೇಶ ಸುಮಾರು 1,450 ಚದರ ಕಿಲೋಮೀಟರು. ನಂದಿಬೆಟ್ಟದಿಂದಲೂ ಶಿವಗಂಗೆಯಿಂದಲೂ ಇಳಿದುಬರುವ ನೀರೆಲ್ಲ ಅದಕ್ಕೆ ಸಲ್ಲಬೇಕು. ಆದರೆ ವರ್ಷಗಳು ಉರುಳಿದಂತೆ ಒಳಹರಿವು ಕ್ಷೀಣಿಸುತ್ತ ಬಂದಿತು. ಮಳೆ ಕಡಿಮೆಯಾಯಿತೆಂದು ಅನೇಕರು ಭಾವಿಸಿದರು. ಲೆಕ್ಕ ನೋಡಿದಾಗ ಮಳೆ ಹೆಚ್ಚುಕಡಿಮೆ ಹಿಂದಿನಷ್ಟೇ ಇತ್ತು! ಹೊಳೆಯೆಂದರೆ ಮಳೆ ಬಂದ ದಿನ ಹರಿಯುವ ನೀರಷ್ಟೇ ಅಲ್ಲ. ನೆಲ ಕುಡಿದ ನೀರು ಒಳಗೊಳಗೇ ಸಾಗಿ, ಮಳೆ ನಿಂತ ಮೇಲೆಯೂ ತಿಂಗಳುಗಟ್ಟಲೆ ಹಳ್ಳಗಳಲ್ಲಿ ಒಸರುವುದು. ಹೊಳೆಯ ಜೀವವೇ ಅದು. ಜಲಾನಯನ ಪ್ರದೇಶದ ಉದ್ದಗಲಕ್ಕೂ ಕೊಳವೆಬಾವಿಗಳು ಇಳಿದಾಗ ಈ ಒಸರು ನಿಂತಿತು. ಹೊಲಗಳಲ್ಲಿ ಎದ್ದ ನೀಲಗಿರಿ ತೋಪುಗಳ ಆಳವಾದ ಬೇರುಗಳು ಉಳಿದ ತೇವವನ್ನು ಹೀರಿದವು. ಸಣ್ಣ ಕೆರೆಗಳ ಕಾಲುವೆಗಳು ಒತ್ತುವರಿಯಾದವು. ಬಂದಷ್ಟು ನೀರಿಗೂ ದೊಡ್ಡಬಳ್ಳಾಪುರ, ನೆಲಮಂಗಲಗಳ ಕಡೆಯ ಚರಂಡಿನೀರೂ ಕಾರ್ಖಾನೆಗಳ ಕೊಳೆಯೂ ಬೆರೆತವು. ಸರ್ಕಾರ 2003ರಲ್ಲಿ ಈ ಪ್ರದೇಶವನ್ನು ನಾಲ್ಕು ವಲಯಗಳಾಗಿ ಗುರುತಿಸಿ ಕಟ್ಟಡಗಳ ಮೇಲೆ ಕಟ್ಟುಪಾಡು ವಿಧಿಸಿತು. 2017ರಲ್ಲಿ ರಾಜ್ಯದಲ್ಲಿ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು. ಇವೆರಡರ ನಡುವೆಯೇ, 2012ರಲ್ಲಿ, ತಿಪ್ಪಗೊಂಡನಹಳ್ಳಿಯ ನೀರು ನಗರಕ್ಕೆ ಬರುವುದು ನಿಂತುಹೋಯಿತು. ಕಟ್ಟೆ ಎಲ್ಲಿಯೂ ಒಡೆದಿರಲಿಲ್ಲ.

ಅಷ್ಟರಲ್ಲಿ ನಗರ ಕಾವೇರಿಯನ್ನು ನೆಚ್ಚಿಕೊಂಡಿತ್ತು. ಸುಮಾರು ನೂರು ಕಿಲೋಮೀಟರು ದೂರದ ತೊರೆಕಾಡನಹಳ್ಳಿಯಿಂದ, ಮೂರು ಕಡೆ ಯಂತ್ರಗಳಿಂದ ಮೇಲೆತ್ತಿ, ಸುಮಾರು 500 ಮೀಟರು ಎತ್ತರಕ್ಕೆ ನೀರನ್ನು ಏರಿಸಬೇಕು. 1974ರಲ್ಲಿ ಮೊದಲ ಹಂತದಿಂದ ದಿನಕ್ಕೆ 13.5 ಕೋಟಿ ಲೀಟರು ಬಂದಿತು. 2012ರ ವೇಳೆಗೆ ಅದು 145 ಕೋಟಿಯಾಯಿತು. ಆದರೂ 2024ರ ಬೇಸಿಗೆಯಲ್ಲಿ ನಗರದ ಸುಮಾರು 14,000 ಸಾರ್ವಜನಿಕ ಕೊಳವೆಬಾವಿಗಳಲ್ಲಿ 6,900 ಬತ್ತಿದವೆಂದು ಸರ್ಕಾರವೇ ಹೇಳಿತು. ಗೃಹಿಣಿಯರು ಬಿಂದಿಗೆ ಹಿಡಿದು ಟ್ಯಾಂಕರಿಗಾಗಿ ಕಾದರು. ಅದೇ ಅಕ್ಟೋಬರಿನಲ್ಲಿ ಐದನೆಯ ಹಂತ ಉದ್ಘಾಟನೆಗೊಂಡು, 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ಇನ್ನೂ 77.5 ಕೋಟಿ ಲೀಟರಿನ ಏರ್ಪಾಟಾಯಿತು. ಕಾವೇರಿಯಾದರೂ ಅಕ್ಷಯಪಾತ್ರೆಯಲ್ಲ. 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ರಾಜ್ಯಕ್ಕೆ ಹೆಚ್ಚುವರಿಯಾಗಿ ಕೊಟ್ಟ 14.75 ಟಿ.ಎಂ.ಸಿ. ಅಡಿ ನೀರಿನಲ್ಲಿ ಬೆಂಗಳೂರಿನ ಪಾಲು 4.75 ಮಾತ್ರ.

ಮುಂದೇನು? ಪಶ್ಚಿಮಘಟ್ಟದ ಎತ್ತಿನಹೊಳೆಯ ನೀರನ್ನು ಬಯಲುಸೀಮೆಗೆ ತಿರುಗಿಸುವ ಯೋಜನೆಯ ಒಂದು ಪಾಲು ತಿಪ್ಪಗೊಂಡನಹಳ್ಳಿಗೂ ಬರಬೇಕೆಂಬ ಆಲೋಚನೆಯಿದೆ. ತನ್ನ ಹೊಳೆಯನ್ನು ಕಳೆದುಕೊಂಡ ಜಲಾಶಯಕ್ಕೆ ಬೇರೊಂದು ಸೀಮೆಯ ಹೊಳೆಯನ್ನು ದತ್ತು ಕೊಟ್ಟಂತೆ ಇದು. ಸಕಲೇಶಪುರದ ಕಾಡನ್ನು ಕಡಿದು ತರುವ ನೀರು ಎಷ್ಟು ಕಾಲ ಬಂದೀತೆಂದು ಕೇಳುವವರನ್ನು ಹಾಸ್ಯ ಮಾಡುವಂತಿಲ್ಲ. ಅರ್ಕಾವತಿಯ ಗತಿ ಕಣ್ಣೆದುರಿಗಿದೆ.

ಇನ್ನೊಂದು ದಾರಿಯೂ ಇದೆ. ಮನೆಗೆ ಬಂದ ನೀರಿನ ಐದರಲ್ಲಿ ನಾಲ್ಕು ಪಾಲು ಚರಂಡಿಗೆ ಹೋಗುವುದೆಂದು ಎಂಜಿನಿಯರುಗಳ ಅಂದಾಜು. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಚರಂಡಿನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಬಹುಕಾಲ ಒಣಗಿದ್ದ ಕೆರೆಗಳು ತುಂಬಿದವು, ಬಾವಿಗಳಲ್ಲಿ ನೀರು ಏರಿತು. ಎರಡೇ ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕೆಂದು ಅಲ್ಲಿನ ರೈತರು ಪಟ್ಟು ಹಿಡಿದರು. ಅವರ ಬೇಡಿಕೆ ನ್ಯಾಯವಾದದ್ದು.

ಇನ್ನು ಆಕಾಶದ ನೀರು. ಬೆಂಗಳೂರಿನ ವಾರ್ಷಿಕ ಮಳೆ ಸುಮಾರು 970 ಮಿಲಿಮೀಟರು. ನೂರು ಚದರ ಮೀಟರಿನ ತಾರಸಿಯ ಮೇಲೆ ವರ್ಷಕ್ಕೆ 97,000 ಲೀಟರು ಬೀಳುತ್ತದೆ. ಐದನೆಯ ಒಂದು ಪಾಲು ಪೋಲಾದರೂ, ನಾಲ್ಕು ಜನರ ಸಂಸಾರಕ್ಕೆ, ತಲೆಗೆ ದಿನಕ್ಕೆ 135 ಲೀಟರಿನಂತೆ, ನಾಲ್ಕೂವರೆ ತಿಂಗಳಿಗೆ ಸಾಕಾಗುವಷ್ಟಿದೆ. ನಿಗದಿತ ಅಳತೆಗಿಂತ ದೊಡ್ಡ ನಿವೇಶನಗಳಲ್ಲಿ ಮಳೆನೀರು ಸಂಗ್ರಹ 2009ರಿಂದ ಕಡ್ಡಾಯ. ಒಂದು ಕೊಳವೆ, ಒಂದು ಸೋಸುಪೆಟ್ಟಿಗೆ, ಒಂದು ತೊಟ್ಟಿ, ಬೇಕಾದದ್ದು ಇಷ್ಟೇ. ಆದರೂ ತಿಂಗಳ ಬಿಲ್ಲಿನೊಡನೆ ದಂಡ ತೆತ್ತು, ತಾರಸಿಯ ನೀರನ್ನು ಬೀದಿಗೆ ಬಿಡುವ ಮನೆಗಳು ಸಾವಿರಾರಿವೆ.