ಕನಕಾಂಬರ ಬೆಳೆಸುವುದು ಹೇಗೆ?

ನಿಮ್ಮ ಹಿತ್ತಲಲ್ಲಿ ಪೂರ್ತಿ ಬಿಸಿಲು ಬೀಳದ ಜಾಗ ಇದೆಯೇ? ಅಲ್ಲಿ ಕನಕಾಂಬರ ಹಾಕಿ. ತೆಂಗಿನ ಮರದ ಅರೆನೆರಳು ಅದಕ್ಕೆ ಬಹಳ ಇಷ್ಟ. ತೀರಾ ಕತ್ತಲೆ ಇದ್ದರೆ ಮಾತ್ರ ಹೂವು ಕಡಿಮೆ.

ಒಣಗಿದ ತೆನೆಗೆ ನೀರು ಚಿಮುಕಿಸಿ ನೋಡಿ. ಟಪ್ ಟಪ್ ಅಂತ ಸಿಡಿದು ಬೀಜ ದೂರ ಹಾರುತ್ತೆ! (ನನ್ನ ತಮ್ಮನಿಗೆ ಇದೇ ಆಟ.) ಅದಕ್ಕೇ ನಾವು ತೆನೆಯ ಮೇಲೆ ಬಟ್ಟೆ ಮುಚ್ಚಿ ನೆನೆಸುತ್ತೇವೆ. ಒಂದು ಕಾಯಲ್ಲಿ 4ರವರೆಗೆ ಬೀಜ ಇರುತ್ತೆ. ದೆಹಲಿ ಕನಕಾಂಬರ ಬೀಜ ಕಟ್ಟುವುದಿಲ್ಲ, ಅದರ ಕಡ್ಡಿ ನೆಡಬೇಕು. ಗಿಡಗಳ ನಡುವೆ ಒಂದು ಮೊಳ ಜಾಗ ಬಿಡಿ. ಬುಡದಲ್ಲಿ ನೀರು ನಿಲ್ಲಬಾರದು.

ಎಲ್ಲಕ್ಕಿಂತ ಮುಖ್ಯ ಬೇರು. ನಮ್ಮಲ್ಲಿ 40 ಗಿಡ ಇದ್ದವು. ಅವ್ವ ಹೂವು ಕಟ್ಟಿ ಸಂತೆಯಲ್ಲಿ ಮಾರಿ ನಮ್ಮ ನೋಟ್‌ಬುಕ್ ತರುತ್ತಿದ್ದಳು. ಹೋದ ವರ್ಷ ಎಲೆ ಹಳದಿಯಾಯ್ತು, ಗಿಡ ಕುಳ್ಳಗೇ ಉಳೀತು, ಮೊಳ ಹೂವು ಸಿಗೋದೂ ಕಷ್ಟವಾಯ್ತು. ಗೊಬ್ಬರ ಹಾಕಿದರೂ ಅಷ್ಟೇ. ಅಜ್ಜಿ ಒಂದು ಗಿಡ ಕಿತ್ತು ತೋರಿಸಿದಳು. ಬೇರಿನ ತುಂಬ ಸಣ್ಣ ಸಣ್ಣ ಗಂಟು! ಮಣ್ಣಲ್ಲಿರುವ, ಕಣ್ಣಿಗೆ ಕಾಣದ ಹುಳು ಬೇರಿನೊಳಗೆ ಸೇರಿದರೆ ಹೀಗಾಗುತ್ತೆ. ಮೇಲೆ ಏನು ಸಿಂಪಡಿಸಿದರೂ ಪ್ರಯೋಜನ ಇಲ್ಲ.

ಗಂಟು ಬಿದ್ದ ಗಿಡಗಳನ್ನೆಲ್ಲ ಕಿತ್ತು ಸುಟ್ಟೆವು. ಮಣ್ಣಿಗೆ ಬೇವಿನ ಹಿಂಡಿ ಸೇರಿಸಿ ಚೆಂಡುಹೂವು ಹಾಕಿದ್ದೇವೆ. ಚೆಂಡುಹೂವಿನ ಬೇರು ಈ ಹುಳುವನ್ನು ಕಡಿಮೆ ಮಾಡುತ್ತೆ. ಹೊಸ ಕನಕಾಂಬರ ಈಗ ಬಾವಿಯ ಆಚೆ ಬೇರೆ ಮಣ್ಣಲ್ಲಿದೆ, ತೆನೆ ಬಿಡಲು ಶುರುವಾಗಿದೆ.

ಸಸಿ ಬೇಕಾದವರು ಮಳೆ ಹಿಡಿದ ಮೇಲೆ ನಮ್ಮ ಮನೆಗೆ ಬನ್ನಿ. ಬೇರು ತೊಳೆದು ತೋರಿಸಿಯೇ ಕೊಡುತ್ತೇನೆ.